ಜೀಪಿನ ಕಾಲುಗಳು

ಬೆಳ್ತಂಗಡಿ ತಾಲೂಕಿನ ಮಲವಂತಿಗೆ, ಮಿತ್ತಬಾಗಿಲು, ನೆರಿಯ ಮೊದಲಾದ ಗ್ರಾಮಗಳ ತೋಟದ ಮನೆಗಳಲ್ಲಿ ಜೀಪು ಮನೆಯ ಆಳುಮಕ್ಕಳ ಲೆಕ್ಕಕ್ಕೆ ಸೇರಿದ್ದು. ಅದನ್ನು ತೊಳೆದು ಒರಸಿ ಚಂದ ನೋಡುವವರು ವಿರಳ. ಗೊಬ್ಬರ ಹೊರುವುದು, ಅಡಿಕೆಯ ಮೂಟೆ ಇಳಿಸುವುದು, ಮಕ್ಕಳನ್ನು ಬಸ್ಸಿನ ದಾರಿಗೆ ಮುಟ್ಟಿಸುವುದು, ಮದುವೆಗೆ ಕೊಪ್ಪರಿಗೆ ತರುವುದು, ರೋಗಿಯನ್ನು ವೈದ್ಯರಲ್ಲಿಗೆ ಒಯ್ಯುವುದು, ಇವೆಲ್ಲವೂ ಅದರ ಪಾಲಿನ ಚಾಕರಿ. ಆಳು ಕುಂಟಿದರೆ ಮನೆಯವರು ಕಾಲು ನೋಡುವಂತೆ, ಜೀಪು ಕುಂಟಿದಾಗ ಸ್ಪ್ರಿಂಗು, ಟಯರುಗಳ ವಿಚಾರ ಏಳುತ್ತದೆ. ಅಲ್ಲಿಯವರೆಗೆ ಅವುಗಳನ್ನು ಯಾರೂ ನೆನೆಯುವುದಿಲ್ಲ.

ದಿಡುಪೆಗೆ ಸಮೀಪದ ಒಂದು ತೋಟದ ರಾಯರಿಗೆ ಈ ವಿಚಾರ ಎದ್ದದ್ದು ಒಂದು ಮಾಘಮಾಸದಲ್ಲಿ. ಹತ್ತು ಮೂಟೆ ಅಡಿಕೆ ಹೇರಿಕೊಂಡು ಅವರ ಹಳೆಯ ಡೀಸೆಲ್ ಜೀಪು ತೋಡನ್ನು ದಾಟಿ ಆಚೆಯ ದಡ ಹತ್ತುತ್ತಿದ್ದಾಗ ಹಿಂಬದಿಯಿಂದ ತೆಂಗಿನಕಾಯಿ ಒಡೆದಂತಹ ಸದ್ದಾಯಿತು. ಇಳಿದು ನೋಡಿದರೆ ಎಡಗಡೆಯ ಸ್ಪ್ರಿಂಗಿನ ಮೂರನೆಯ ಪ್ಲೇಟು ಮುರಿದಿತ್ತು. ವಾಹನ ಒಂದು ಬದಿಗೆ ವಾಲಿ, ಹಳೆಯ ಗಾಯವುಳ್ಳ ಎತ್ತಿನಂತೆ ನಿಂತಿತ್ತು. ನಾಲ್ಕು ಟಯರುಗಳ ಹಲ್ಲುಗಳೂ ಸವೆದು ನುಣುಪಾಗುತ್ತ ಬಂದಿದ್ದವು. ಹೇಗೂ ಹಣ ಸುರಿಯಬೇಕು. ಸುರಿಯುವುದಾದರೆ ಒಂದೇ ಬಾರಿ ಸರಿಯಾದದ್ದನ್ನೇ ಹಾಕಿಸಬೇಕೆಂದು ರಾಯರು ನಿಶ್ಚಯಿಸಿದರು. ಸರಿಯಾದದ್ದು ಯಾವುದು ಎಂಬಲ್ಲಿ ತೊಡಕು ಪ್ರಾರಂಭವಾಯಿತು.

ತೊಡಕಿಗೆ ಕಾರಣ ಈ ಸೀಮೆಯ ದಾರಿಗಳೇ. ರಾಯರ ಮನೆಯಿಂದ ಹೊರಟ ಜೀಪು ಮೊದಲು ಒಂದೂವರೆ ಮೈಲಿ ಮಣ್ಣಿನ ಹಾದಿಯಲ್ಲಿ ಉರುಳಬೇಕು. ನಡುವೆ ತೋಡು, ತೋಡಿನ ಆಚೆ ಮುರಕಲ್ಲಿನ ಏರು. ಅನಂತರ ಹೊಂಡಗಳುಳ್ಳ ಹಳ್ಳಿಯ ಡಾಮರು. ಬೆಳ್ತಂಗಡಿ ಪೇಟೆ ಮುಟ್ಟಿದರೆ ಮಂಗಳೂರಿನಿಂದ ಚಾರ್ಮಾಡಿಗೆ ಹೋಗುವ 73ನೆಯ ರಾಷ್ಟ್ರೀಯ ಹೆದ್ದಾರಿ. ಅದೇ ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಬಂಟ್ವಾಳ. ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ ವೇಣೂರಿನ ಗೊಮ್ಮಟನ ಮುಂದಾಗಿ ಹೋದರೆ ಮೂಡುಬಿದಿರೆ. ಮಗಳು ಓದುವುದು ಮೂಡುಬಿದಿರೆಯ ಕಾಲೇಜಿನಲ್ಲಿ; ಅಮ್ಮನನ್ನು ನೋಡುವ ವೈದ್ಯರಿರುವುದೂ ಅದೇ ಊರಿನಲ್ಲಿ. ಬಿಡಿಭಾಗಗಳ ಅಂಗಡಿಗಳಿಗೆ ಬಂಟ್ವಾಳದ ಬಿ.ಸಿ. ರೋಡು. ಹೀಗೆ ಒಂದೇ ದಿನದಲ್ಲಿ ಒಂದೇ ಟಯರು ಕೆಸರು, ಕಲ್ಲು, ನೀರು, ಡಾಮರು, ಕಾಂಕ್ರೀಟು ಎಂಬ ಐದು ನೆಲಗಳನ್ನು ಕಾಣುತ್ತದೆ. ಮೇಲಾಗಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ; ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ.

ಗಾಡಿಗೆ ಸ್ಪ್ರಿಂಗು ಬೇಕೆಂಬ ಬುದ್ಧಿ ಬಹಳ ಹಳೆಯದಲ್ಲ. ನಮ್ಮ ಎತ್ತಿನ ಗಾಡಿಗೆ ಅದು ಇರಲೇ ಇಲ್ಲ. ಹುಲ್ಲು ಹಾಸಿ ಕುಳಿತವನ ಸೊಂಟವೇ ಸ್ಪ್ರಿಂಗು. ಇಂಗ್ಲೆಂಡಿನ ಒಬೇಡಯ ಎಲಿಯಟ್ ಎಂಬಾತ ಕುದುರೆಗಾಡಿಗೆ ಬಿಲ್ಲಿನಾಕಾರದ ಉಕ್ಕಿನ ಪಟ್ಟಿಗಳನ್ನು ಜೋಡಿಸುವ ಕ್ರಮಕ್ಕೆ 1804ರಲ್ಲಿ ಹಕ್ಕುಪತ್ರ ಪಡೆದನು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರನ್ನು ಕಟ್ಟಿದ ಪ್ರಯೋಗದಿಂದ 1888ರಲ್ಲಿ ಗಾಳಿಯ ಟಯರು ಬಳಕೆಗೆ ಬಂತು. ಉಕ್ಕು ಬಾಗುವುದು, ಗಾಳಿ ಕುಗ್ಗುವುದು, ಈ ಎರಡರ ಮೇಲೆಯೇ ಇಂದಿಗೂ ಜಗತ್ತಿನ ಮೋಟಾರುಗಳೆಲ್ಲ ಓಡುತ್ತಿವೆ. ಧರ್ಮಸ್ಥಳದ ಹಳೆಯ ಮೋಟಾರುಗಳ ಸಂಗ್ರಹವನ್ನು ನೋಡಹೋಗುವವರು ದೀಪ, ಹಾರ್ನುಗಳನ್ನು ಕಂಡು ಹಿಗ್ಗಿ ಹಿಂದಿರುಗುತ್ತಾರೆ. ಸ್ವಲ್ಪ ಬಗ್ಗಿ ಅಡಿಯನ್ನೂ ನೋಡಿದರೆ ಆ ಉಕ್ಕಿನ ಬಿಲ್ಲುಗಳು ಕಾಣುವುವು.

ದಕ್ಷಿಣ ಕನ್ನಡಕ್ಕಂತೂ ಈ ವಸ್ತು ಪರಕೀಯವಲ್ಲ. 1914ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯ, ಅಂದರೆ ಜನರ ಬಾಯಲ್ಲಿ ಸಿ.ಪಿ.ಸಿ.ಯ, ಬಸ್ಸುಗಳು ಈ ಮುರಕಲ್ಲಿನ ರಸ್ತೆಗಳಲ್ಲಿ ಓಡಿದ್ದವು. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬರಾದ ವಾಮನ ಕುಡ್ವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ಎಂಬ ಕಾರ್ಖಾನೆಯಿಂದ ಹೊರಟ ಸ್ಪ್ರಿಂಗುಗಳು ಹಿಂದೊಮ್ಮೆ ಹೆಸರುವಾಸಿಯಾಗಿದ್ದವು. ಲಾರಿಗಳ ಮುರಿದ ಪ್ಲೇಟುಗಳನ್ನು ಕಂಡು ಕಂಡು ಬೇಸತ್ತ ಸೀಮೆಯಲ್ಲೇ ಪ್ಲೇಟು ಮಾಡುವ ವಿದ್ಯೆ ಬೆಳೆದುದು ಯುಕ್ತವಾಗಿಯೇ ಇದೆ. ಜೀಪು ಬಂದುದು ಎರಡನೆಯ ಮಹಾಯುದ್ಧದ ತರುವಾಯ. ಅಮೆರಿಕದ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವ ಕಾರ್ಯಕ್ಕೆ ಮಹೀಂದ್ರ ಕಂಪೆನಿಯವರು 1947ರಲ್ಲಿ ಕೈಯಿಟ್ಟರು. ಯುದ್ಧಕಾಲದ ಆ ಜೀಪಿಗೆ ನಾಲ್ಕು ಮೂಲೆಗೂ ಪ್ಲೇಟಿನ ಸ್ಪ್ರಿಂಗು, 16 ಇಂಚಿನ ಸಪೂರ ಟಯರು. ಅದರ ವಂಶವೇ ಘಟ್ಟದ ಬುಡದ ತೋಟಗಳಲ್ಲಿ ಇಂದಿಗೂ ದುಡಿಯುತ್ತಿದೆ.

ರಾಯರು ಮೊದಲು ಹೋದದ್ದು ಮೂಡುಬಿದಿರೆಯ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ. ಅವರು ಜೀಪಿನ ಅಡಿಗೆ ನುಸುಳಿ, ಬೆರಳಿನಿಂದ ಪ್ಲೇಟುಗಳನ್ನು ಎಣಿಸಿ ಹೊರಬಂದರು. ಕಂಪೆನಿಯವರು ಇಟ್ಟದ್ದು ಏಳು. ಈಗ ಇರುವುದು ಎಂಟು. ಹಿಂದಿನ ಯಜಮಾನ ಕಲ್ಲು ಹೊರಿಸುವುದಕ್ಕಾಗಿ ಎರಡು ಕಡೆಯಲ್ಲಿಯೂ ಒಂದೊಂದು ಸೇರಿಸಿದ್ದನು.

“ಮುರಿದದ್ದನ್ನು ಬದಲಿಸಿ ಇನ್ನೊಂದು ಸೇರಿಸುವ ರಾಯರೇ. ಒಂಬತ್ತಾದರೆ ನೀವು ಹನ್ನೆರಡು ಮೂಟೆ ಹೇರಿದರೂ ಅದು ಬಗ್ಗುವುದಿಲ್ಲ” ಎಂದರು ಮೇಸ್ತ್ರಿ.

ಬಗ್ಗುವುದಿಲ್ಲ ಎಂಬುದು ಗುಣವೋ ದೋಷವೋ ಎಂದು ಆಗ ರಾಯರಿಗೆ ಹೊಳೆಯಲಿಲ್ಲ. ಪ್ಲೇಟಿನ ಲೆಕ್ಕ ಸರಳವಾದುದು. ಒಂದೇ ದಪ್ಪದ ಪ್ಲೇಟುಗಳಾದರೆ ಬಿಗಿತವು ಸಂಖ್ಯೆಯೊಡನೆ ಏರುವುದು. ಏಳಕ್ಕೆ ಎರಡು ಕೂಡಿದರೆ ಕಾಲುಪಾಲಿಗಿಂತಲೂ ಮಿಕ್ಕಿ ಬಿಗಿಯಾಗುವುದು. ದಪ್ಪವನ್ನೇ ಹೆಚ್ಚಿಸಿದರೆ ಇನ್ನೂ ತೀವ್ರ: ಇಮ್ಮಡಿ ದಪ್ಪದ ಪ್ಲೇಟು ಎಂಟು ಮಡಿ ಬಿಗಿ. ಅಂತಹ ಸ್ಪ್ರಿಂಗು ಹೊರೆ ತುಂಬಿದಾಗ ಶಾಂತವಾಗಿದ್ದು, ಹೊರೆ ಇಳಿಸಿ ಬರುವಾಗ ಕಲ್ಲು ಕಂಡಲ್ಲೆಲ್ಲ ನೆಗೆಯುತ್ತದೆ. ಚಕ್ರವು ನೆಲ ಬಿಟ್ಟ ಕ್ಷಣದಲ್ಲಿ ಎಳೆತವೂ ಇಲ್ಲ, ಬ್ರೇಕೂ ಇಲ್ಲ.

ಎರಡನೆಯ ಸಲಹೆ ಬೆಂಗಳೂರಿನಿಂದ ಬಂತು. ರಾಯರ ಅಕ್ಕನ ಮಗ ಅಲ್ಲಿ ಉದ್ಯೋಗದಲ್ಲಿದ್ದು, ರಜೆಯಲ್ಲಿ ಗೆಳೆಯರೊಡನೆ ಬೆಟ್ಟಗುಡ್ಡಗಳಿಗೆ ವಾಹನ ಹತ್ತಿಸುವ ಹವ್ಯಾಸವುಳ್ಳವನು. ಅವನದು 2020ರಲ್ಲಿ ಬಂದ ಹೊಸ ಥಾರ್. ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಸುರುಳಿ ಸ್ಪ್ರಿಂಗು. “ಮಾವ, ಪ್ಲೇಟಿನ ಕಾಲ ಮುಗಿಯಿತು. ಸುರುಳಿ ಹಾಕಿಸಿ, ಬಾಡಿಯನ್ನು ಮೂರು ಇಂಚು ಎತ್ತರಿಸಿ, ದೊಡ್ಡ ಮಡ್ ಟಯರು ಹಾಕಿ. ಮತ್ತೆ ನಿಮ್ಮನ್ನು ಯಾವ ತೋಡೂ ತಡೆಯಲಾರದು” ಎಂದನು. ಹುಡುಗನ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಪ್ಲೇಟುಗಳು ಒಂದರ ಮೇಲೊಂದು ಉಜ್ಜುವುದರಿಂದ ಸಣ್ಣ ಗುಂಡಿಗಳಲ್ಲಿ ಅವು ಬೇಗ ಬಾಗುವುದಿಲ್ಲ. ಸುರುಳಿಗೆ ಆ ಉಜ್ಜಾಟವಿಲ್ಲ. ಆದರೆ ಪ್ಲೇಟು ಮಾಡುವುದು ಎರಡು ಕೆಲಸ. ಭಾರ ಹೊರುವುದರ ಜೊತೆಗೆ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದೂ ಅದೇ. ಸುರುಳಿಗೆ ಹಿಡಿದಿಡುವ ಶಕ್ತಿಯಿಲ್ಲ. ಬೇರೆ ತೋಳುಗಳನ್ನು ಬೆಸೆಯಬೇಕು. ಬೆಸುಗೆ ಬಿಟ್ಟರೆ ದಿಡುಪೆಯಲ್ಲಿ ಅದನ್ನು ಸರಿಪಡಿಸುವವರಾರು? ಪ್ಲೇಟು ಮುರಿದರಾದರೋ ಮರದ ತುಂಡನ್ನು ಹಗ್ಗದಿಂದ ಬಿಗಿದು ಪೇಟೆ ಮುಟ್ಟಿದವರು ಎಷ್ಟೋ ಮಂದಿ.

ಎತ್ತರದ ವಿಷಯದಲ್ಲಿ ಹುಡುಗನ ಲೆಕ್ಕ ಸ್ವಲ್ಪ ತಪ್ಪಿತ್ತು. ಜೀಪಿನ ಅಡಿಯಲ್ಲಿ ನೆಲಕ್ಕೆ ಅತ್ಯಂತ ಸಮೀಪವಿರುವುದು ಅಚ್ಚಿನ ನಡುವೆ ಉಬ್ಬಿದ ಡಿಫರೆನ್ಷಿಯಲ್ಲಿನ ಗುಂಡು. ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಮೇಲಿನ ಬಾಡಿ ಏರುವುದೇ ಹೊರತು ಆ ಗುಂಡು ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಅದನ್ನು ಏರಿಸುವುದು ಟಯರು ಮಾತ್ರ. ಬಾಡಿ ಮೇಲೇರಿದಷ್ಟೂ ಭಾರದ ಕೇಂದ್ರವೂ ಏರಿ ಓರೆಯಾದ ದಾರಿಯಲ್ಲಿ ಮಗುಚುವ ಭಯ ಹೆಚ್ಚು. ಇದಲ್ಲದೆ ಕಾನೂನಿನ ಮಾತೊಂದುಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಣೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹೇಳಿತು. ಅಪಘಾತವಾದಾಗ ವಿಮೆಯವರು ಈ ಕಲಮನ್ನು ಮರೆಯುವುದಿಲ್ಲ.

ಮೂರನೆಯ ಸಲಹೆ ಬಿ.ಸಿ. ರೋಡಿನ ಟಯರಂಗಡಿಯದು. ಅಂಗಡಿಯಾತ ಗೋಡೆಗೆ ಒರಗಿಸಿದ್ದ ದೊಡ್ಡ ಟಯರೊಂದನ್ನು ಉರುಳಿಸಿ ತಂದು ನಿಲ್ಲಿಸಿದನು. ಮೊಸಳೆಯ ಬೆನ್ನಿನಂತೆ ಅದರ ಹಲ್ಲುಗಳು. ಅದರ ಬದಿಯಲ್ಲಿ 235/75 ಆರ್ 15 ಎಂದಿತ್ತು. ರಾಯರ ಜೀಪಿನದು 215/75 ಆರ್ 15. ಈ ಅಂಕಗಳು ಮಂತ್ರಾಕ್ಷರಗಳಂತೆ ಕಂಡರೂ ಅರ್ಥ ಸುಲಭ. ಮೊದಲಿನದು ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಬದಿಗೋಡೆಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು ಪಾಲೆಂಬುದು. ಕೊನೆಯದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ‘ಆರ್’ ಎಂದರೆ ರೇಡಿಯಲ್, ಫ್ರಾನ್ಸಿನ ಮಿಶೆಲಿನ್ ಕಂಪೆನಿ 1946ರಲ್ಲಿ ಹಕ್ಕು ಪಡೆದ ರಚನೆ. ರಾಯರು ಒಂದು ಕಾಲದಲ್ಲಿ ಶಾಲೆಯಲ್ಲಿ ಗಣಿತ ಹೇಳಿದವರು; ಅಂಗಡಿಯ ರಸೀತಿ ಪುಸ್ತಕದ ಬೆನ್ನಲ್ಲಿಯೇ ಲೆಕ್ಕ ಹಾಕಿದರು. ಹಳೆಯ ಟಯರಿನ ಒಟ್ಟು ಎತ್ತರ ಸುಮಾರು 703 ಮಿಲಿಮೀಟರು, ಹೊಸದರದು 733. ವ್ಯತ್ಯಾಸ 30, ಅಚ್ಚು ಏರುವುದು ಅದರಲ್ಲಿ ಅರ್ಧ, ಅಂದರೆ 15 ಮಿಲಿಮೀಟರು, ಹೆಬ್ಬೆರಳ ಅಗಲಕ್ಕಿಂತಲೂ ಕಡಿಮೆ. ಇಷ್ಟಕ್ಕಾಗಿ ಚಕ್ರದ ಸುತ್ತಳತೆ ನೂರಕ್ಕೆ ನಾಲ್ಕರಷ್ಟು ಹೆಚ್ಚಿ, ಏರಿನಲ್ಲಿ ಇಂಜಿನಿನ ಎಳೆತ ಅಷ್ಟೇ ಕುಂದುವುದು. ಮೀಟರು ತೋರುವ ವೇಗವೂ ನಿಜಕ್ಕಿಂತ ಅಷ್ಟು ಕಡಿಮೆ.

“ಮಡ್ ಟಯರು ಹಾಕಿದರೆ ಕೆಸರಿನಲ್ಲಿ ಸಿಕ್ಕುವ ಪ್ರಶ್ನೆಯೇ ಇಲ್ಲ, ಸಾರ್” ಎಂದನು ಅಂಗಡಿಯಾತ.

“ಮಳೆಯಲ್ಲಿ ಕಾಂಕ್ರೀಟಿನ ಮೇಲೆ ಬ್ರೇಕು ಹಾಕಿದರೆ?”

ಅವನು ಪ್ರಾಮಾಣಿಕ, ನಕ್ಕು ಸುಮ್ಮನಾದನು. ಹಲ್ಲುಗಳು ದೊಡ್ಡದಾಗಿ ಸಂದುಗಳು ಅಗಲವಾದಷ್ಟೂ ಕೆಸರನ್ನು ಕೊಡವಿ ಹಾಕುವುದು ಸುಲಭ. ಆದರೆ ಗಟ್ಟಿ ನೆಲವನ್ನು ಮುಟ್ಟುವ ರಬ್ಬರು ಅಷ್ಟೂ ಕಡಿಮೆ. ಒದ್ದೆಯಾದ ಡಾಮರಿನಲ್ಲಿ ನೀರಿನ ತೆಳುಪೊರೆಯನ್ನು ಸೀಳುವ ಸಣ್ಣ ಗೀರುಗಳು ಅಂತಹ ಟಯರಿನಲ್ಲಿ ವಿರಳ. ವರ್ಷದಲ್ಲಿ ಜೀಪು ಓಡುವ ದೂರದಲ್ಲಿ ಕೆಸರಿನದೆಷ್ಟು, ಹೆದ್ದಾರಿಯದೆಷ್ಟು ಎಂದು ಕೂಡಿಸಿದರೆ ಕೆಸರಿನ ಪಾಲು ಉಪ್ಪಿನಕಾಯಿಯಷ್ಟೇ ಆದೀತು. ಆದರೆ ಆ ಉಪ್ಪಿನಕಾಯಿ ಇಲ್ಲದೆ ಮನೆಗೆ ಹೋಗುವಂತಿಲ್ಲವಲ್ಲ!

ಈ ಮೂರು ಬಾಯಿಗಳ ನಡುವೆ ಕಡಿಮೆ ಮಾತಾಡಿದವನು ದಿಡುಪೆಯ ಒಬ್ಬ ಬಾಡಿಗೆ ಜೀಪಿನ ಚಾಲಕ. ಎಳನೀರು ಎಂಬ ಸ್ಥಳ ಮಲವಂತಿಗೆ ಗ್ರಾಮಕ್ಕೇ ಸೇರಿದ್ದರೂ ಘಟ್ಟದ ಮೇಲಿದೆ. ದಿಡುಪೆಯಿಂದ ಏರುವ ಕಾಡುದಾರಿಯನ್ನು ಬಿಟ್ಟರೆ ಸಂಸೆ, ಕಳಸದ ಕಡೆಯಿಂದ ಬಹುದೂರ ಸುತ್ತಿ ಬರಬೇಕು. ಆ ಏರಿನಲ್ಲಿ ಜೀಪು ಓಡಿಸಿಯೇ ಅವನ ತಲೆ ನರೆತಿತ್ತು. ಅವನ ಜೀಪಿನಲ್ಲಿ ಇದ್ದುದು ಸಪೂರವಾದ ಸಾಧಾರಣ ಟಯರು.

“ಅಗಲದ ಟಯರು ಕಡಲ ಮರಳಿಗೆ ಒಳ್ಳೆಯದು ರಾಯರೇ. ನಮ್ಮ ಕೆಸರಿಗೆ ಅಡಿ ಉಂಟು” ಎಂದನು ಅವನು.

ಅಡಿ ಉಂಟು ಎಂಬ ಆ ಮಾತಿನಲ್ಲಿ ಈ ಸೀಮೆಯ ಭೂಮಿಯ ಗುಟ್ಟೇ ಇದೆ. ನಮ್ಮ ಗುಡ್ಡದ ಹಾದಿಗಳಲ್ಲಿ ಕೆಂಪು ಕೆಸರು ನಾಲ್ಕಾರು ಬೆರಳು ದಪ್ಪ. ಅದರ ಕೆಳಗೆ ಮುರಕಲ್ಲು. ಸಪೂರ ಟಯರು ಕೆಸರನ್ನು ಕತ್ತರಿಸಿ ಆ ಕಲ್ಲನ್ನು ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆಯೇ ತೇಲಿ ಜಾರುತ್ತದೆ. ಗದ್ದೆಯ ಕೆಸರಿನ ಮಾತು ಬೇರೆ. ಅಲ್ಲಿಗೆ ಜೀಪನ್ನು ಇಳಿಸುವವನಿಗೆ ಯಾವ ಟಯರೂ ರಕ್ಷೆಯಲ್ಲ. ಗಾಳಿಯ ವಿಷಯದಲ್ಲಿಯೂ ಅವನ ಪಾಠ ಚಿಕ್ಕದು: ಕಾಡುದಾರಿಗೆ ಮೂವತ್ತು ಪೌಂಡಿನಿಂದ ಇಪ್ಪತ್ತಕ್ಕೆ ಇಳಿಸು, ಡಾಮರಿಗೆ ಬಂದೊಡನೆ ತುಂಬಿಸು. ಒಂದು ಚಕ್ರದ ಮೇಲೆ 400 ಕಿಲೋ ಭಾರವಿದ್ದರೆ, ಮೂವತ್ತು ಪೌಂಡಿನಲ್ಲಿ ಅದು ನೆಲವನ್ನು ಮುಟ್ಟುವುದು ಸುಮಾರು 190 ಚದರ ಸೆಂಟಿಮೀಟರಿನಷ್ಟು, ಇಪ್ಪತ್ತರಲ್ಲಿ 280ರಷ್ಟು. ಹೊಸ ಟಯರಿಗೆ ಸಾವಿರಗಟ್ಟಲೆ ಕೊಟ್ಟು ಪಡೆಯುವ ಹಿಡಿತದಲ್ಲಿ ಬಹುಪಾಲು ಹೀಗೆ ಬಿಟ್ಟಿಯಾಗಿ ದೊರೆಯುತ್ತದೆ. ಇಳಿಸಿದ ಗಾಳಿಯಲ್ಲಿಯೇ ಹೆದ್ದಾರಿಯಲ್ಲಿ ಓಡಿಸಿದರೆ ಮಾತ್ರ ಬದಿಗೋಡೆ ಕಾದು ಕೆಡುತ್ತದೆ.

ಇಷ್ಟೆಲ್ಲ ಕೇಳಿಯೂ ಸ್ಪ್ರಿಂಗಿನ ವಿಷಯದಲ್ಲಿ ರಾಯರ ಮನಸ್ಸು ಒಂಬತ್ತು ಪ್ಲೇಟಿನ ಕಡೆಗೇ ವಾಲಿತ್ತು. ಅಡಿಕೆ ಬೆಳೆಗಾರನಿಗೆ ಮೂಟೆಯೇ ಲೆಕ್ಕ. ಅವರ ಮನಸ್ಸನ್ನು ತಿರುಗಿಸಿದ್ದು ಯಾವ ಮೇಸ್ತ್ರಿಯೂ ಅಲ್ಲ.

ರಾಯರ ತಾಯಿಗೆ ಎಂಬತ್ತೆರಡು ವರ್ಷ. ಹಿಂದಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಯ ಬಳಿಕ ತಿಂಗಳಿಗೊಮ್ಮೆ ಮೂಡುಬಿದಿರೆಗೆ ಹೋಗಬೇಕಾಗಿತ್ತು. ಜೀಪಿನ ಹಿಂಬದಿಯ ಉದ್ದ ಸೀಟಿಗೆ ಹಾಸಿಗೆ ಹಾಸಿ ಅವರನ್ನು ಮಲಗಿಸುವುದು ವಾಡಿಕೆ. ಮುದುಕಿ ಒಮ್ಮೆಯೂ ನೋವೆಂದು ಅಂದವರಲ್ಲ. ಕಣ್ಣು ಮುಚ್ಚಿಕೊಂಡು ಮಲಗಿ, ಬಡಿತದ ಮೇಲಿಂದಲೇ ದಾರಿಯನ್ನು ಗುರುತಿಸುತ್ತಿದ್ದರು: “ಇದು ತೋಡು... ಇದು ಅಶ್ವತ್ಥಕಟ್ಟೆಯ ಹೊಂಡ... ಇನ್ನು ಡಾಮರು.” ಮನೆಮಂದಿ ಇದನ್ನು ಅವರ ವಿನೋದವೆಂದು ತಿಳಿದು ನಗುತ್ತಿದ್ದರು.

ಮುರಿದ ಪ್ಲೇಟಿಗೆ ತಾತ್ಕಾಲಿಕವಾಗಿ ಬಂಧನ ಹಾಕಿಸಿ ಜೀಪನ್ನು ಮನೆಗೆ ತರುವ ದಿನ ರಾಯರಿಗೆ ಸಣ್ಣ ಜ್ವರ. ದಿಡುಪೆಯ ಆ ಚಾಲಕನ ಕೈಗೆ ಚಕ್ರ ಕೊಟ್ಟು ಅವರು ಹಿಂಬದಿಯ ಸೀಟಿನಲ್ಲಿ, ತಾಯಿಯ ಹಾಸಿಗೆಯ ಮೇಲೆಯೇ, ಮಲಗಿದರು. ಹದಿನಾಲ್ಕು ವರ್ಷದಿಂದ ಆ ಜೀಪಿನ ಯಜಮಾನರಾಗಿದ್ದರೂ ಅವರು ಅದರ ಹಿಂದೆ ಕುಳಿತದ್ದು ಅದೇ ಪ್ರಥಮ. ಚಾಲಕನ ಸೀಟು ಎರಡು ಅಚ್ಚುಗಳ ನಡುವೆ ಇರುವುದರಿಂದ ಅಲ್ಲಿಗೆ ಬಡಿತ ಅರ್ಧವಾಗಿ ಮುಟ್ಟುತ್ತದೆ. ಹಿಂಬದಿಯ ಸೀಟು ಹಿಂದಿನ ಅಚ್ಚಿನ ನೆತ್ತಿಯ ಮೇಲೆಯೇ ಇದೆ. ತೋಡಿನ ಕಲ್ಲುಗಳಲ್ಲಿ ಅವರ ತಲೆ ಎರಡು ಬಾರಿ ಕಬ್ಬಿಣದ ಸರಳಿಗೆ ಬಡಿಯಿತು. ಅಶ್ವತ್ಥಕಟ್ಟೆಯ ಹೊಂಡದಲ್ಲಿ ದೇಹ ಹಾಸಿಗೆಯನ್ನು ಬಿಟ್ಟೆದ್ದು ಮತ್ತೆ ಬಿತ್ತು. ಜ್ವರದ ಮೈಗೆ ಅಷ್ಟೇ ಸಾಕಾಯಿತು. ಅಂಗಳದಲ್ಲಿ ಇಳಿದವರು ನೇರವಾಗಿ ತಾಯಿಯ ಕೋಣೆಗೆ ಹೋಗಿ ಬಹಳ ಹೊತ್ತು ಕುಳಿತಿದ್ದರು. ಏನು ಮಾತಾಡಿದರೆಂದು ಯಾರಿಗೂ ತಿಳಿಯದು.

ಮರುವಾರ ಮೇಸ್ತ್ರಿಗೆ ಹೇಳಿದ್ದು ಇಷ್ಟು: ಮುರಿದದ್ದಕ್ಕೆ ಬದಲಿ ಹಾಕಿ, ಹೆಚ್ಚಿನ ಆ ಎಂಟನೆಯದನ್ನು ಎರಡು ಬದಿಯಿಂದಲೂ ತೆಗೆದುಬಿಡಿ.

“ಮೂಟೆ?” ಎಂದರು ಮೇಸ್ತ್ರಿ ಅಚ್ಚರಿಯಿಂದ.

“ಎರಡು ಸಲ ಹೋದರಾಯಿತು.”

ಮೇಸ್ತ್ರಿಗೆ ಸಮಾಧಾನವಾಗಲಿಲ್ಲ, ಆದರೂ ಕೆಲಸವನ್ನು ಚೊಕ್ಕವಾಗಿಯೇ ಮಾಡಿದರು. ಸ್ಪ್ರಿಂಗನ್ನು ಬಿಚ್ಚಿದಾಗ ಪ್ಲೇಟುಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿ ಒಂದೇ ಕೊರಡಿನಂತಾಗಿದ್ದುದು ಕಂಡುಬಂತು. ಒಂದೊಂದನ್ನೂ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸು ಸವರಿ ಕೂಡಿಸಿದರು. ಕೊನೆಗಳ ರಬ್ಬರು ಬುಷ್‌ಗಳು ಹುಡಿಯಾಗಿದ್ದವು; ಬದಲಾದವು. ಶಾಕ್ ಅಬ್ಸಾರ್ಬರುಗಳಲ್ಲಿ ಮೂರರ ಎಣ್ಣೆ ಸೋರಿಹೋಗಿತ್ತು. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ನುಂಗಿದ್ದನ್ನು ಮತ್ತೆ ಮತ್ತೆ ಕಾರದಂತೆ ತಡೆಯುವುದು ಈ ಶಾಕ್. ಅದು ಸತ್ತ ಜೀಪು ಒಂದು ಹೊಂಡಕ್ಕೆ ನಾಲ್ಕು ಬಾರಿ ಕುಣಿಯುತ್ತದೆ. ರಾಯರ ಜೀಪಿನ ಕಾಯಿಲೆಯ ಮುಕ್ಕಾಲು ಪಾಲು, ಹೊಸದೇನನ್ನೂ ಹಾಕುವ ಮೊದಲೇ, ಈ ಹಳೆಯದರ ಅನಾದರದಲ್ಲಿತ್ತು. ಟಯರು ಅದೇ 215ರ ಅಗಲದ್ದು, ಕೆಸರು ಡಾಮರು ಎರಡಕ್ಕೂ ನಡುವಿನ ಹಲ್ಲಿನದು. ಕೊಳ್ಳುವಾಗ ಬದಿಯಲ್ಲಿನ ಕೊನೆಯ ನಾಲ್ಕು ಅಂಕೆಗಳನ್ನು ಕನ್ನಡಕ ಹಾಕಿ ಓದಿದರು: ಮೊದಲ ಎರಡು ತಯಾರಾದ ವಾರ, ಮತ್ತೆರಡು ವರ್ಷ. ಅಂಗಡಿಯಲ್ಲಿ ಮೂರು ವರ್ಷ ಮಲಗಿದ ರಬ್ಬರನ್ನು ಹೊಸದೆಂದು ಕೊಳ್ಳುವವರು ಬಹಳ.

ಆಯ್ಕೆ ದೋಷರಹಿತವಾಗಿತ್ತೆಂದಲ್ಲ. ಆಷಾಢದ ಒಂದು ಸಂಜೆ ತೋಡಿನ ಆಚೆಯ ಏರಿನಲ್ಲಿ ಜೀಪು ನಾಲ್ಕು ಚಕ್ರವನ್ನೂ ತಿರುಗಿಸಿಕೊಂಡು ನಿಂತಲ್ಲೇ ನಿಂತಿತು; ಹಲ್ಲುಗಳಲ್ಲಿ ಕೆಸರು ಮೆತ್ತಿ ಟಯರು ಹೋಳಿಗೆಯಂತೆ ನುಣ್ಣಗಾಗಿತ್ತು. ಗಾಳಿ ಇಳಿಸಿ, ಅಡಿಕೆಯ ಸೋಗೆಗಳನ್ನು ಅಡಿಗೆ ಹಾಸಿ, ಮೂವರು ನೂಕಿ ಮೇಲೇರಿಸಬೇಕಾಯಿತು. ಮಡ್ ಟಯರಾಗಿದ್ದರೆ ಹತ್ತುತ್ತಿತ್ತು. ಅಳಿಯನಿಗೆ ಈ ಸುದ್ದಿ ತಿಳಿಸಬಾರದೆಂದು ರಾಯರು ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದರು. ಅವಳು ಅದೇ ರಾತ್ರಿ ತಿಳಿಸಿದಳು. ಅಡಿಕೆಯನ್ನು ಕ್ಯಾಂಪ್ಕೊ ಶಾಖೆಗೆ ಮುಟ್ಟಿಸಲು ಈಗ ಎರಡು ಸಲ ಹೋಗಬೇಕು. ಎಣ್ಣೆಯ ಖರ್ಚು ಹೆಚ್ಚಿದೆ. ಆದರೆ 2019ರ ಆಗಸ್ಟಿನಲ್ಲಿ ನೆರೆ ಬಂದು ಗುಡ್ಡಗಳು ಜರಿದು ದಿಡುಪೆ, ಕುಕ್ಕಾವು, ಚಾರ್ಮಾಡಿಯ ಕಡೆ ಮನೆ ತೋಟಗಳು ಕೊಚ್ಚಿಹೋದ ದಿನಗಳನ್ನು ಕಂಡವರು, ಜೀಪು ಎಷ್ಟು ಮೂಟೆ ಹೊರುತ್ತದೆ ಎಂಬುದಕ್ಕಿಂತ ಯಾರನ್ನು ಹೇಗೆ ಹೊರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯದಿರಲಾರರು.

ಶ್ರಾವಣದಲ್ಲಿ ತಾಯಿಯನ್ನು ಮೂಡುಬಿದಿರೆಗೆ ಕರೆದೊಯ್ಯುವ ದಿನ ಬಂತು. ಮಳೆ ಸ್ವಲ್ಪ ಹೊಳವಾಗಿತ್ತು. ರಾಯರು ಎಂದಿನಂತೆ ಎರಡನೆಯ ಗೇರಿನಲ್ಲಿ ನಿಧಾನವಾಗಿ ತೋಡು ದಾಟಿಸಿ, ಏರು ಹತ್ತಿಸಿ, ಕಾಜೂರಿನ ಡಾಮರಿಗೆ ತಂದರು. ಹಿಂದಿನಿಂದ ಮಾತಿಲ್ಲ. ಅವರಿಗೆ ಕಳವಳವಾಗಿ ಕತ್ತು ತಿರುಗಿಸಿ ನೋಡಿದರು. ತಾಯಿ ಕಣ್ಣು ಮುಚ್ಚಿಕೊಂಡೇ ಕೇಳಿದರು:

“ಅಶ್ವತ್ಥಕಟ್ಟೆ ಇನ್ನೂ ಬರಲಿಲ್ಲವೇ ಮಗಾ?”

ತೆಗೆದ ಎರಡು ಪ್ಲೇಟುಗಳು ಕೊಟ್ಟಿಗೆಯ ಮೂಲೆಯಲ್ಲಿ ಕೆಲವು ಕಾಲ ಬಿದ್ದಿದ್ದವು. ದೀಪಾವಳಿಯ ಮುಂಚೆ ಊರಿನ ಆಚಾರಿ ಅವನ್ನು ಕೇಳಿ ಒಯ್ದನು. ಜೀಪಿನ ಪ್ಲೇಟಿನಷ್ಟು ಒಳ್ಳೆಯ ಉಕ್ಕು ಕತ್ತಿಗೆ ಬೇರೆ ಸಿಕ್ಕದೆಂದು ಅವನ ಅಭಿಪ್ರಾಯ. ಮೂರು ಕತ್ತಿಗಳಾದವು. ಒಂದನ್ನು ಅವನು ಕೂಲಿಗೆಂದು ಇಟ್ಟುಕೊಂಡನು, ಒಂದು ತೋಟಕ್ಕೆ ಹೋಯಿತು, ಚಿಕ್ಕದರಲ್ಲಿ ಮುದುಕಿ ಜಗಲಿಯಲ್ಲಿ ಕುಳಿತು ಬಾಳೆಯೆಲೆಯ ತುದಿ ಸವರುತ್ತಾರೆ.